ಕೂಸಿನ ಭೇದಿ, ಅಜ್ಜಿಯ ನಲ್ಲಿ

ನನ್ನ ಕೆಲಸದಲ್ಲಿ ನಗು ಬರುವಂಥದ್ದೆಲ್ಲ ನಡೆಯುವುದು ಎಳೆ ಮಕ್ಕಳ ಹೊಟ್ಟೆ ಕೆಟ್ಟಾಗಲೇ. ಯಾಕೋ ಗೊತ್ತಿಲ್ಲ. ಜ್ವರ ಬಂದರೆ ಜನ ಗಂಭೀರವಾಗುತ್ತಾರೆ, ಕೆಮ್ಮು ಬಂದರೆ ಕಷಾಯ ಕುದಿಸುತ್ತಾರೆ. ಕೂಸಿಗೆ ಭೇದಿ ಶುರುವಾಯಿತೆಂದರೆ ಮಾತ್ರ ಮನೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡುತ್ತಾರೆ. ಆ ಓಟದ ಮಧ್ಯೆ ನಾನು ಚೀಲ ಹಿಡಿದು ನಿಂತಿರುತ್ತೇನೆ.

ನಾನು ಕೊಳ್ಳೇಗಾಲದವಳು, ಹಳ್ಳಿ ಹಳ್ಳಿ ಸುತ್ತುವ ಸರ್ಕಾರಿ ನರ್ಸು. ಈಚೆಗೆ ನಮ್ಮ ಹುದ್ದೆಗೆ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂದು ಬಾಯಿ ತುಂಬುವ ಹೆಸರು ಕೊಟ್ಟಿದ್ದಾರೆ. ಬೋರ್ಡು ಬರೆಯುವವನಿಗೆ ಒಂದು ಸಾಲು ಸಾಲದೆ ಎರಡು ಸಾಲು ಬರೆದ. ಜನ ಮಾತ್ರ ಈಗಲೂ ‘ನರ್ಸಮ್ಮ’ ಎಂದೇ ಕೂಗುತ್ತಾರೆ, ನಾನೂ ಅದಕ್ಕೇ ತಿರುಗಿ ನೋಡುತ್ತೇನೆ.

ಕೂಸಿನ ಭೇದಿಯ ವಿಷಯದಲ್ಲಿ ನಾನು ಹೇಳಬೇಕಾದದ್ದು ಬಹಳ ಇಲ್ಲ. ಕೂಸಿಗೆ ಕುತ್ತು ತರುವುದು ಭೇದಿಗಿಂತ ಹೆಚ್ಚಾಗಿ ಮೈಯೊಳಗಿನ ನೀರು ಬತ್ತುವುದು. ಆದ್ದರಿಂದ ಕೆಳಗೆ ಹೋದಷ್ಟು ನೀರು ಬಾಯಿಂದ ಒಳಗೆ ಹೋಗಬೇಕು. ಎದೆಹಾಲು ನಿಲ್ಲಿಸಬಾರದು. ಓಆರ್‌ಎಸ್ ಪುಡಿ ಕಲಸಿದ ನೀರನ್ನು ಚಮಚ ಚಮಚವಾಗಿ ಕೊಡುತ್ತಿರಬೇಕು, ಜಿಂಕ್ ಮಾತ್ರೆ ಕೊಡಬೇಕು. ಕಣ್ಣು ಗುಳಿ ಬಿದ್ದರೆ, ಕೂಸು ಮಂಕಾದರೆ ಆಸ್ಪತ್ರೆಗೆ ಓಡಬೇಕು. ಇದನ್ನು ಹೇಳುವುದಕ್ಕೆ ಒಂದು ನಿಮಿಷ ಸಾಕು. ಒಪ್ಪಿಸುವುದರಲ್ಲಿ ನನ್ನ ಅರ್ಧ ಸರ್ವೀಸು ಮುಗಿದಿದೆ.

ನಲ್ಲಿ ನಿಲ್ಲಿಸಿದ್ದು

ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕೊಟ್ಟಿಗೆ ತುಂಬ ಹಸು, ಮನೆಯಲ್ಲಿ ಮಗ, ಸೊಸೆ. ಹಸುಗಳಾದರೂ ಒಮ್ಮೊಮ್ಮೆ ಹಗ್ಗ ಕಿತ್ತುಕೊಂಡು ಹೋಗುತ್ತವೆ, ಮಗ ಸೊಸೆ ಅಜ್ಜಿಯ ಮಾತು ಮೀರಿದವರಲ್ಲ. ಅವರ ಮೊದಲನೇ ಮೊಮ್ಮಗನಿಗೆ ಭೇದಿ ಎಂದು ಆಶಾ ಕಾರ್ಯಕರ್ತೆ ನನ್ನನ್ನು ಕರೆದಳು. ಹೋದೆ. ಕೂಸು ತುಟಿ ಒಣಗಿಸಿಕೊಂಡು ಅಳುತ್ತಿತ್ತು. ಹಿಂದಿನ ದಿನದಿಂದ ಒಂದು ತೊಟ್ಟು ನೀರು ಕೊಟ್ಟಿರಲಿಲ್ಲ. ಸೊಸೆ ಕದ್ದು ಹಾಲೂಡಿಸಿಬಿಟ್ಟಾಳು ಎಂದು ಅಜ್ಜಿ ಬಾಗಿಲಲ್ಲೇ ಕಾವಲು ಕೂತಿದ್ದರು.

“ಯಾಕಜ್ಜಿ ನೀರು ಕೊಟ್ಟಿಲ್ಲ?” ಎಂದೆ.

“ನೀನು ಓದ್ದೋಳು, ನೀನೇ ಯೋಳು. ತೊಟ್ಟಿ ತೂತಾಗಿ ನೀರು ಸೋರ್ತಾ ಅದೆ. ಮೊದ್ಲು ನಲ್ಲಿ ನಿಲ್ಲುಸ್ತೀಯೋ, ಮೇಲಿಂದ ಇನ್ನೊಸಿ ನೀರು ಬುಡ್ತೀಯೋ?”

ಪ್ರಶ್ನೆ ಎಷ್ಟು ಸರಿಯಾಗಿತ್ತೆಂದರೆ ನನಗೆ ನನ್ನ ಟ್ರೈನಿಂಗಿನ ಮೇಲೇ ಒಂದು ಗಳಿಗೆ ಅನುಮಾನ ಬಂತು. ನಾನೂ ಸುಮ್ಮನಿರದೆ ಒಂದು ಹೋಲಿಕೆ ಹುಡುಕಿದೆ. “ಮೊಬೈಲಲ್ಲಿ ಚಾರ್ಜ್ ಇಳೀತಾ ಇದ್ರೆ ಚಾರ್ಜರ್ ಕಿತ್ತು ಬಿಸಾಕ್ತೀರಾ ಅಜ್ಜಿ?”

“ನನ್ ತಾವ ಮೊಬೈಲಿಲ್ಲ” ಎಂದರು ಅಜ್ಜಿ.

ಮಾತು ಬಿಟ್ಟು ಕೆಲಸಕ್ಕೆ ಇಳಿದೆ. ಕಾಯಿಸಿ ಆರಿಸಿದ ನೀರಿಗೆ ಪುಡಿ ಹಾಕಿ ಕಲಸಿದೆ. ಚಮಚ ಕೂಸಿನ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಅಜ್ಜಿ ನನ್ನ ಕೈ ಹಿಡಿದರು. “ತಡಿ, ಅದೇನು ಅಂತ ನಾ ಮೊದ್ಲು ನೋಡ್ತೀನಿ.” ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಇನ್ನೊಂದು ಚಮಚ ಹಾಕಿಕೊಂಡರು. ಆಮೇಲೆ ಚಮಚ ಬದಿಗಿಟ್ಟು ಪಾತ್ರೆಯನ್ನೇ ಎತ್ತಿದರು. “ಇದು ಕೂಸಿಗೆ ಕೊಡೋ ಅಂತದ್ದಲ್ಲ” ಎಂದು ತೀರ್ಪು ಹೇಳುವಾಗ ಪಾತ್ರೆಯ ತಳ ಕಾಣುತ್ತಿತ್ತು.

ಅವರು ಕಣ್ಣು ಮುಚ್ಚಿ ಕುಡಿಯುತ್ತಿದ್ದಾಗ ಸೊಸೆ ಕೂಸನ್ನೆತ್ತಿಕೊಂಡು ಕೊಟ್ಟಿಗೆಯ ಹಿಂದೆ ಹೋಗಿ ಹೊಟ್ಟೆ ತುಂಬ ಹಾಲು ಕೊಟ್ಟು ಬಂದಳು. ಬರುವಾಗ ನನ್ನ ಚೀಲದಿಂದ ಇನ್ನೊಂದು ಪ್ಯಾಕೆಟ್ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಕೂಸು ಚೇತರಿಸಿಕೊಂಡಿತು. ಊರಿನಲ್ಲೆಲ್ಲ ಅಜ್ಜಿ ನಲ್ಲಿ ನಿಲ್ಲಿಸಿ ಮೊಮ್ಮಗನನ್ನು ಉಳಿಸಿಕೊಂಡರು ಎಂದು ಸುದ್ದಿಯಾಯಿತು. ಮುಂದಿನ ಸಲ ನಾನು ಹೋದಾಗ ಅಜ್ಜಿ ಹತ್ತಿರ ಕರೆದು ಹೇಳಿದರು:

“ಆ ಪುಡಿ ಇನ್ನೆಲ್ಡು ಕೊಟ್ಟೋಗು ನರ್ಸಮ್ಮ. ಕೂಸಿಗೆ ಅದ್ರ ಅವಶ್ಯಕತೆ ಬೀಳ್ನಿಲ್ಲ, ನನ್ ಮಂಡಿ ನೋವು ಮಾತ್ರ ವಾಸಿ ಆಗ್ಬುಟ್ಟದೆ.”

ಎಲ್ಲರ ಮನೆಯಲ್ಲೂ ಇರುವ ಅಳತೆ

ಯಳಂದೂರು ಕಡೆಯ ಒಂದು ಹಳ್ಳಿ. ಅಂಗನವಾಡಿಯಲ್ಲಿ ತಾಯಂದಿರ ಸಭೆ. ಒಂದು ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ನೀರು ಕಡಿಮೆಯಾದರೆ ಉಪ್ಪು ಜಾಸ್ತಿಯಾಗಿ ಕೂಸಿಗೆ ತೊಂದರೆ, ಹೆಚ್ಚಾದರೆ ಉಪಯೋಗವಿಲ್ಲ ಎಂದೆಲ್ಲ ವಿವರಿಸಿದೆ. “ಸರಿ, ನಿಮ್ಮ ಮನೇಲಿ ಲೀಟರ್ ಅಳೆಯೋಕೆ ಏನಿದೆ?” ಎಂದು ಕೇಳಿದೆ. ಚೊಂಬು ಎಂದರೆ ಒಂದೊಂದು ಮನೆಯದು ಒಂದೊಂದು ಗಾತ್ರ. ನೀರಿನ ಬಾಟ್ಲಿ ಇದ್ದವರ ಮನೆಯಲ್ಲಿ ಅದರೊಳಗೆ ಹರಳೆಣ್ಣೆ ತುಂಬಿತ್ತು.

ಹಿಂದಿನ ಸಾಲಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಒಬ್ಬಳು ತಲೆ ಎತ್ತಿದಳು. “ಎಲ್ರ ಮನೇಲೂ ಇರೋದು, ಎಲ್ರ ಮನೇಲೂ ಒಂದೇ ಅಳತೆದು, ಒಂದದೆ. ಯೋಳ್ಲಾ?”

“ಹೇಳವ್ವ.”

“ನಮ್ ಗಂಡುಸ್ರು ಕುಡ್ದು ಹಿತ್ಲಿಗೆ ಎಸೆಯೋ ಕ್ವಾಟ್ರು ಬಾಟ್ಲಿ.”

ಸಭೆಗೆ ಜೀವ ಬಂತು. ಒಂದರಲ್ಲಿ ನೂರೆಂಬತ್ತು ಎಂ.ಎಲ್. ಎಂದು ನಾನು ಲೆಕ್ಕ ಹಾಕಿ ನೋಡಿದೆ. ಐದು ಬಾಟ್ಲಿ, ಮೇಲೊಂದು ಅರ್ಧ ಸೇರಿಸಿದರೆ ಲೀಟರಿಗೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಚೆನ್ನಾಗಿ ತೊಳೆದು ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಇಟ್ಟುಕೊಳ್ಳಿ ಎಂದೆ. ಈ ಅಳತೆ ಇಲಾಖೆಯ ಯಾವ ಸುತ್ತೋಲೆಯಲ್ಲೂ ಇರಲಿಕ್ಕಿಲ್ಲ, ಆದರೆ ಮರೆತುಹೋಗುವ ಅಳತೆಯೂ ಅಲ್ಲ.

ಸ್ವಲ್ಪ ದಿನಕ್ಕೆ ಆ ಹೆಂಗಸಿನ ಕೂಸಿಗೇ ಭೇದಿಯಾಯಿತು. ನಾನು ಹೇಳಿದಂತೆಯೇ ಅವಳು ನೀರು ಕಲಸಿ, ಬಾಟ್ಲಿಗಳಿಗೆ ತುಂಬಿ, ಮುಚ್ಚಳ ಬಿಗಿದು, ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದಳು. ಸಂಜೆ ಗಂಡ ಬಂದ. ಬರುವಾಗಲೇ ಬ್ರಾಂದಿ ಅಂಗಡಿಗೆ ಹೋಗಿ ಬಂದವನು. ಗೂಡಿನ ಸಾಲು ನೋಡಿ ತನ್ನ ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡು ಎರಡು ಬಾಟ್ಲಿ ಎತ್ತಿ ಮುಗಿಸಿದ. ಅವಳು ಅವನಿಗೆ ಮಂಗಳಾರತಿ ಮಾಡಿ ಮತ್ತೆ ನೀರು ಕಲಸಿದಳು. ಈ ಸಲ ಎಲ್ಲ ಬಾಟ್ಲಿಗೂ ಅರಿಶಿನ ಕುಂಕುಮ ಹಚ್ಚಿಟ್ಟಳು, ಅವನು ಮುಟ್ಟಬಾರದೆಂದು. ಕೂಸಿಗೆ ಕುಡಿಸುವುದು ನಿಲ್ಲಿಸಲಿಲ್ಲ, ಕೂಸು ಹುಷಾರಾಯಿತು.

ಏರಿದ್ದ ಅಮಲಿನಲ್ಲಿ ಅವಳ ಬೈಗುಳ ಅವನ ತಲೆಗೆ ಹೋಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಎದ್ದವನೇ ಬಾಯಿ ಉಪ್ಪಗಿದ್ದದ್ದು ನೆನಪಾಗಿ ಅಂಗಡಿಗೆ ಜಗಳಕ್ಕೆ ಹೋದ. “ಬಾಟ್ಲಿಗೆ ಉಪ್ನೀರು ತುಂಬಿ ಮಾರ್ತಿಯೇನ್ಲಾ?”

“ನನ್ ಅಂಗ್ಡೀದಲ್ಲ ಕಣಣ್ಣ ಅದು. ಕುಡ್ದು ಏನಾರ ಆಯ್ತಾ?” ಎಂದು ಅಂಗಡಿಯವನು ಹೆದರಿ ಕೇಳಿದ.

ಅವನು ತಲೆ ಮುಟ್ಟಿಕೊಂಡು ಸ್ವಲ್ಪ ಯೋಚಿಸಿದನಂತೆ. “ಅದೇ ಕಣ್ಲಾ ಗೊತ್ತಾಯ್ತಿಲ್ಲ. ದಿನಾ ಬರೋ ತಲೆನೋವು ಇವತ್ತು ಬಂದೇ ಇಲ್ಲ. ಎಲ್ಲಿಟ್ಟಿದ್ದೀಯ, ಅದೇ ಮಾಲು ಇನ್ನೊಂದು ಕೊಡು.”

ರಾಮಾಪುರದ ಬಸ್ಸು

ರಾಮಾಪುರದ ಹತ್ತಿರ ಒಬ್ಬ ತಾಯಿಯ ಕೂಸು ಮಂಕಾಗುತ್ತಿತ್ತು. ಅಲ್ಲಿಯೂ ಅತ್ತೆ ನೀರು ನಿಲ್ಲಿಸಿದ್ದರು. ಬಂಡಳ್ಳಿಯ ನಲ್ಲಿ ಹೀಗೆ ನನಗಿಂತ ಮೊದಲೇ ಎಲ್ಲ ಊರಿಗೂ ಹೋಗಿ ಕೂತಿರುತ್ತದೆ. ಆಂಬುಲೆನ್ಸ್ ಬೇರೆ ಕಡೆ ಹೋಗಿದೆ, ಬರುವುದು ತಡ ಎಂದರು. ಕಾಯುವುದು ಬೇಡ ಎಂದು ನಾನೂ ಆ ತಾಯಿಯೂ ಕೂಸನ್ನೆತ್ತಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. “ಕೂಸಿರೋರ್ಗೆ ಒಸಿ ಜಾಗ ಬುಡ್ರಪ್ಪಾ” ಎಂದು ಕಂಡಕ್ಟರ್ ಕೂಗಿದ. ಕೂತವರಿಗೆಲ್ಲ ಇದ್ದಕ್ಕಿದ್ದಂತೆ ಕಿಟಕಿಯಾಚೆಯ ಜೋಳದ ಹೊಲದ ಮೇಲೆ ಆಸಕ್ತಿ ಹುಟ್ಟಿತು. ಬಿಳಿ ಅಂಗಿಯ ಒಬ್ಬರಂತೂ ಆಗಲೇ ಗೊರಕೆ ಶುರು ಮಾಡಿದರು. ನಾನು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಚಮಚ ಹಿಡಿದು ಕೂಸಿಗೆ ನೀರು ಕುಡಿಸಲು ನೋಡಿದೆ. ರಸ್ತೆಯ ಮೊದಲ ಗುಂಡಿಗೆ ಚಮಚದ ನೀರು ಕಂಡಕ್ಟರನ ಚೀಲಕ್ಕೆ ಹೋಯಿತು. ಎರಡನೆಯದು ಯಾರದೋ ಕಿವಿಗೆ.

ಆಗ ಕೂಸು ತಾನೇ ಮುಂದಾಯಿತು. ತಾಯಿ ಆಯ ತಪ್ಪಿ ಬಿಳಿ ಅಂಗಿಯವರ ಕಡೆ ವಾಲಿದ್ದೇ ತಡ, ಅವರ ತೊಡೆಯ ಮೇಲೆ ತನ್ನ ಕೆಲಸ ಮುಗಿಸಿಬಿಟ್ಟಿತು. ಅವರು ಗೊರಕೆಯ ನಡುವಿನಿಂದಲೇ ಎದ್ದು ನಿಂತರು. ಪಕ್ಕದವರು ಎದ್ದರು, ಹಿಂದಿನವರು ಎದ್ದರು, ಮುಂದಿನವರು ಮೂಗು ಮುಚ್ಚಿಕೊಂಡು ಡ್ರೈವರನ ಹತ್ತಿರ ಹೋಗಿ ನಿಂತರು. ನಾನು ಸೀಟು ಒರೆಸಿ, ಕಿಟಕಿಯಾಚೆ ಕೈ ಚಾಚಿ ಬಾಟ್ಲಿ ನೀರು, ಸೋಪಿನಿಂದ ಕೈ ತೊಳೆದುಕೊಂಡೆ. ಕೂಸನ್ನು ಉದ್ದಕ್ಕೆ ಮಲಗಿಸಿಕೊಂಡು, ತಲೆ ಸ್ವಲ್ಪ ಎತ್ತಿ ಹಿಡಿದು, ಕೊಳ್ಳೇಗಾಲ ಬರುವವರೆಗೆ ಚಮಚದಲ್ಲಿ ನೀರು ಹಾಕಿದೆವು. ಊರು ಹತ್ತಿರವಾಗುವಾಗ ಕೂಸು ಕಣ್ಣರಳಿಸಿ ಕಿಟಕಿಯ ಕಡೆ ನೋಡತೊಡಗಿತು.

ಖಾಲಿಯಾದ ಸೀಟಿನಲ್ಲಿ ಧೈರ್ಯವಾಗಿ ಬಂದು ಕೂತಿದ್ದವರು ಒಬ್ಬ ಮುದುಕರು ಮಾತ್ರ. ಇಳಿಯುವಾಗ ಆ ತಾಯಿಗೆ ಹೇಳಿದರು: “ವಾರಕ್ಕೊಂದ್ ಕಿತ ಈ ಕೂಸ್ನ ಬಸ್ಸಿಗೆ ಕರ್ಕಬಾ ಕಣವ್ವ. ಈ ರೂಟಲ್ಲಿ ನಾ ಕಾಲು ಚಾಚಿ ಕೂತಿದ್ದು ಇವತ್ತೇಯ.”

ಬೆಟ್ಟದ ಫಲಾನುಭವಿಗಳು

ಬಿಳಿಗಿರಿರಂಗನ ಬೆಟ್ಟಕ್ಕೆ ಒಂದು ಪೆಟ್ಟಿಗೆ ಓಆರ್‌ಎಸ್ ತೆಗೆದುಕೊಂಡು ಹೋಗಿದ್ದೆ, ಕಿತ್ತಳೆ ರುಚಿಯದು. ಜೀಪು ಬರುವವರೆಗೆ ಪೆಟ್ಟಿಗೆ ಕಟ್ಟೆಯ ಮೇಲಿಟ್ಟು ಒಂದು ಲೋಟ ಟೀ ಕುಡಿಯಲು ಹೋದೆ. ಅಷ್ಟೇ. ತಿರುಗಿ ನೋಡುವಾಗ ಕೋತಿಗಳ ಒಂದು ಸಂಸಾರ ಪೆಟ್ಟಿಗೆಯ ಸುತ್ತ ಕೂತಿತ್ತು. ಹಲ್ಲಿನಿಂದ ಪ್ಯಾಕೆಟ್ಟಿನ ಮೂಲೆ ಹರಿಯುವುದು, ಅಂಗೈಗೆ ಸುರಿದುಕೊಳ್ಳುವುದು, ನೆಕ್ಕುವುದು. ಚಿಕ್ಕ ಮರಿಗಳಿಗೆ ತಾಯಿ ಕೋತಿಗಳೇ ನೆಕ್ಕಿಸುತ್ತಿದ್ದವು. ಯಾವ ಅತ್ತೆ ಕೋತಿಯೂ ಅಡ್ಡ ಬರಲಿಲ್ಲ.

ಕೈಚೀಲದಲ್ಲಿ ಉಳಿದಿದ್ದ ಪ್ಯಾಕೆಟ್ಟುಗಳಿಂದ ಅವತ್ತಿನ ಕೆಲಸ ಸಾಗಿಸಿದೆ. ಪೆಟ್ಟಿಗೆ ಖಾಲಿಯಾದ ಸಂಗತಿಯನ್ನು ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದರು:

“ಕೋತಿಗಳಿಗೆ ಭೇದಿ ಇತ್ತೇನ್ರಿ?”

“ಇಲ್ಲ ಸರ್, ಚೆನ್ನಾಗಿದ್ವು.”

“ಮತ್ತೆ ಭೇದಿ ಇಲ್ಲದವರಿಗೆ ಯಾಕ್ರಿ ಕೊಟ್ರಿ?”

ಸ್ಟೀಲ್ ಡಬ್ಬಿ

ಪೇಟೆಯವರು ಬೇರೆ ಥರ. ಕೊಳ್ಳೇಗಾಲದಲ್ಲಿ ಒಬ್ಬ ಮೇಷ್ಟ್ರು, ಮಗುವಿನ ಹೊಟ್ಟೆ ಕೆಟ್ಟಿದೆ ಎಂದು ಬೆಳಿಗ್ಗೆ ಆಸ್ಪತ್ರೆಗೆ ಬಂದರು. ಬಾಯಲ್ಲಿ ವರ್ಣಿಸುವುದಕ್ಕಿಂತ ಕಣ್ಣಾರೆ ತೋರಿಸುವುದು ಮೇಲೆಂದು ಡೈಪರನ್ನು ಮಡಿಸಿ, ತಮ್ಮ ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ತಂದಿದ್ದರು. ಡಾಕ್ಟರು ಇನ್ನೂ ಬಂದಿರಲಿಲ್ಲ. ಮಗು ಅತ್ತಿತೆಂದು ಮೇಷ್ಟ್ರು ಅದನ್ನೆತ್ತಿಕೊಂಡು ಹೊರಗೆ ಹೋದರು. ಬುಟ್ಟಿ ಡಾಕ್ಟರ ಬಾಗಿಲ ಮುಂದೆ ಉಳಿಯಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಯಾ ಅದನ್ನು ನೋಡಿ, ಡಾಕ್ಟರ ಮನೆಯಿಂದ ಊಟ ಬಂತು ಎಂದುಕೊಂಡು ಒಳಗಿನ ಮೇಜಿನ ಮೇಲೆ ಅಚ್ಚುಕಟ್ಟಾಗಿ ಇಟ್ಟಳು. ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟಳು.

ಡಾಕ್ಟರು ಬಂದು ಮಗುವನ್ನು ನೋಡಿ, ಏನೂ ಗಾಬರಿಯಿಲ್ಲ, ಓಆರ್‌ಎಸ್ ಕೊಡಿ, ಹಾಲು ನಿಲ್ಲಿಸಬೇಡಿ ಎಂದು ಕಳಿಸಿದರು. ಮೇಷ್ಟ್ರು ಆ ಸಂತೋಷದಲ್ಲಿ ಡಬ್ಬಿಯನ್ನು ಮರೆತರು. ಮಧ್ಯಾಹ್ನ ಡಾಕ್ಟರು ಕೈ ತೊಳೆದುಕೊಂಡು ಕೂತು ಮುಚ್ಚಳ ತೆಗೆದರು. ಮುಚ್ಚಿದರು. ಮತ್ತೆ ಕೈ ತೊಳೆದರು. ಯಾರ ಮೇಲೂ ರೇಗಲಿಲ್ಲ, ಅದು ಅವರ ದೊಡ್ಡತನ. ಮನೆಗೆ ಫೋನ್ ಮಾಡಿ, “ಇವತ್ತು ಏನಡುಗೆ ಕಳಿಸಿದ್ದೆ?” ಎಂದು ಮಾತ್ರ ಕೇಳಿದರು.

ಮೂರು ಹೆಬ್ಬೆಟ್ಟು

ಮತ್ತೆ ಬಂಡಳ್ಳಿ. ಅದೇ ಅಜ್ಜಿ. ಈ ಸಲ ಎರಡನೇ ಮೊಮ್ಮಗು, ಎಂಟು ತಿಂಗಳ ಹೆಣ್ಣು ಕೂಸು. ಸಂಜೆ ನಾನು ಹೋಗುವಷ್ಟರಲ್ಲಿ ಭೇದಿ ಶುರುವಾಗಿತ್ತು. ಈ ಸಲ ನಾನು ವಾದಕ್ಕೆ ನಿಲ್ಲದೆ, ‘ಹಾಲೂ ನೀರೂ ನಿಲ್ಲಿಸುವುದಿಲ್ಲ’ ಎಂದು ಬರೆದು ಅಜ್ಜಿ, ಮಗ, ಸೊಸೆ ಮೂವರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡೆ; ಅಜ್ಜಿ ಮಾತ್ರ ಒತ್ತುವ ಮೊದಲು, “ನನ್ ಮಂಡಿಗೆ ಪುಡಿ ಎಷ್ಟು ಕೊಡ್ತೀಯ?” ಎಂದು ಕೇಳಿದರು.